ಹುಳಿಗೆ ಬಿದ್ದ ಅಂಕ

ಹೆಡ್ಮಾಸ್ತರ್ ನರಹರಿರಾಯರು ನಿವೃತ್ತರಾದ ಮೇಲೆ ತಿದ್ದಲು ಉತ್ತರಪತ್ರಿಕೆ ಇಲ್ಲದೆ, ಹೆಂಡತಿಯ ಅಡುಗೆ ತಿದ್ದತೊಡಗಿದರು. ಊಟವಾದೊಡನೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಕೆಂಪು ಪೆನ್ಸಿಲಿನಿಂದ ಅಂಕ ಹಾಕುತ್ತಿದ್ದರು. ಅದು ಹತ್ತಕ್ಕೆ ಆರನ್ನು ಎಂದೂ ದಾಟಿದ್ದಿಲ್ಲ.

ಒಂದು ದಿನ ಹುಳಿಗೆ ಮೂರೇ ಬಿತ್ತು.

"ನಾಳೆಯೂ ಉಪ್ಪು ಹೆಚ್ಚುಕಮ್ಮಿಯಾದರೆ ಅಡುಗೆಗೆ ಬೇರೆಯವರನ್ನು ಗೊತ್ತುಮಾಡ್ತೀನಿ," ಎಂದರು ರಾಯರು.

ಆ ಮನೆಯಲ್ಲಿ ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಆ ಕಟ್ಟಳೆಯೂ ರಾಯರದೇ. ಹೆಂಡತಿ ಪದ್ಮಾವತಮ್ಮ ನಲವತ್ತು ವರ್ಷದಿಂದ ಕೈಯಂದಾಜಿನಲ್ಲೇ ಉಪ್ಪು ಹಾಕುತ್ತಿದ್ದರು.

ಮರುದಿನ ಆಕೆ ನೈವೇದ್ಯದ ಜೊತೆಗೆ ಕ್ಯಾಲೆಂಡರನ್ನೂ ಪೆನ್ಸಿಲನ್ನೂ ತಂದು ದೇವರ ಮುಂದಿಟ್ಟರು.

"ಇದೇನೇ ಇದು?"

"ಮೊದಲು ಊಟ ಮಾಡೋನು ಮೊದಲು ಅಂಕ ಹಾಕಲಿ. ಆಮೇಲೆ ನೀವು ಹಾಕಿ."

"ದೇವರು ಎಲ್ಲಾದರೂ ಅಂಕ ಹಾಕ್ತಾನೇನೇ?"

"ಹಾಕಲ್ಲ. ಅದಕ್ಕೇ ಅವನಿಗೆ ಮೊದಲು ಬಡಿಸೋದು. ಅವನು ಒಪ್ಪಿದ್ದಕ್ಕೆ ನೀವು ಕಡಿಮೆ ಹಾಕೋದಾದರೆ, ಇಲ್ಲೇ ಅವನ ಎದುರಿಗೇ ಹಾಕಿ."

ರಾಯರು ದೇವರನ್ನು ನೋಡಿದರು. ಪೆನ್ಸಿಲನ್ನು ನೋಡಿದರು. ಹೋಗಿ ಊಟಕ್ಕೆ ಕೂತರು. ಮೊದಲ ತುತ್ತಿಗೆ ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ತಲೆ ತಗ್ಗಿಸಿ, ತುಟಿಪಿಟಕ್ಕೆನ್ನದೆ ಉಂಡು ಎದ್ದರು.

ಕೊನೆಗೆ ಪದ್ಮಾವತಮ್ಮ ತಾವು ಬಡಿಸಿಕೊಂಡು ಕೂತರು. ಒಂದು ತುತ್ತು ಬಾಯಿಗಿಟ್ಟರು. ಹುಳಿಗೆ ಉಪ್ಪೇ ಹಾಕಿರಲಿಲ್ಲ.

ಕೈ ತೊಳೆದು ದೇವರ ಮನೆಗೆ ಹೋದರು. ಆ ದಿನದ ಚೌಕದಲ್ಲಿ ಗಂಡನಿಗೆ ಹತ್ತಕ್ಕೆ ಹತ್ತು ಹಾಕಿ ಬಂದರು.