ಅವ್ವನಿಗೂ ಗಾಳಿಗೂ ನಡುವೆ ಒಂದು ಕಿಟಕಿ

ಕೇಳುವವರು ಹತ್ತಿರ ಸರಿದು ಕೂತುಕೊಳ್ಳಿ, ಹೇಳುವ ನನಗೂ ಚಳಿಯೇ. ಬಿಳಿಕಲ್ಲಹಳ್ಳಿಯಲ್ಲಿ ನಿಂಗಾಜಮ್ಮ ಅಂತ ಒಬ್ಬಳು ಇದ್ದಳು. ಅವಳಿಗೊಬ್ಬ ಮಗ, ಕರಿಸಿದ್ದ. ಆಳು ನೋಡಿದರೆ ಬಾಗಿಲು ತುಂಬ, ತಲೆ ನೋಡಿದರೆ ಖಾಲಿ ಗುಡಾಣ. ಹೇಳಿದ ಮಾತು ಕೇಳುವುದಿಲ್ಲ ಅನ್ನುವ ಹಾಗಿಲ್ಲ. ಹೇಳಿದ್ದನ್ನೇ, ಹೇಳಿದಷ್ಟನ್ನೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಆ ವರ್ಷ ಮಾಗಿ ಚಳಿ ಮೂಳೆ ಕೊರೆಯುತ್ತಿತ್ತು. ಮನೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಗೆದ್ದಲು ತಿಂದು ಜರಡಿಯಾಗಿತ್ತು. ನಾಟಿವೈದ್ಯ ಬಂದು ನಿಂಗಾಜಮ್ಮನ ಕೆಮ್ಮು ಕೇಳಿದ, ಕಿಟಕಿ ನೋಡಿದ.

"ಮೊದಲು ಆ ಕಿಟಕಿ ಬದಲಾಯಿಸು ತಾಯಿ. ಇನ್ನೊಂದು ತಿಂಗಳು ಈ ಗಾಳಿ ಎದೆಗೆ ಬಡಿದ್ರೆ ನಿನ್ನ ಕೆಮ್ಮು ನಿನ್ನ ಬಿಟ್ಟು ಹೋಗಲ್ಲ, ಕರ್ಕೊಂಡೇ ಹೋಗ್ತದೆ."

ಸಾಯುವುದಕ್ಕೆ ನಿಂಗಾಜಮ್ಮ ಹೆದರಿದವಳಲ್ಲ. ತಾನು ಹೋದರೆ ಈ ಪೆದ್ದುಮಗನಿಗೆ ಹೊತ್ತಿಗೆ ಸರಿಯಾಗಿ ಮುದ್ದೆ ಇಕ್ಕುವವರು ಯಾರು ಅನ್ನುವುದೇ ಅವಳ ದಿಗಿಲು.

"ಲೋ ಸಿದ್ದ, ನಮ್ಮ ಕಿಟಕಿ ಎಷ್ಟಗಲ ಎಷ್ಟುದ್ದ ಅಂತ ಬಡಗಿ ನಂಜುಂಡಾಚಾರಿಗೆ ತೋರಿಸಿ ಬಾ. ಇಂಥದೇ ಹೊಸದು ಮಾಡ್ಕೊಡು ಅನ್ನು."

ತೋರಿಸು ಅಂದಳಲ್ಲ! ಸಿದ್ದ ಹಾರೆ ತಗೊಂಡ. ಚೌಕಟ್ಟು ಸಮೇತ ಕಿಟಕಿ ಕಿತ್ತ, ತಲೆ ಮೇಲೆ ಹೊತ್ತ, ಬಡಗಿ ಮನೆಗೆ ಹೋಗಿ ತೋರಿಸಿದ. ಆಚಾರಿ ನಕ್ಕು, "ಇಲ್ಲೇ ಬಿಡಪ್ಪ, ನಾಕು ದಿನ ಬಿಟ್ಟು ಬಾ" ಅಂದ. ಬಿಟ್ಟು ಬಂದ. ಬಂದು ನೋಡಿದರೆ ಗೋಡೆಯಲ್ಲಿ ಎಮ್ಮೆ ಕರು ನುಗ್ಗುವಷ್ಟು ಕಂಡಿ, ಮನೆಯೊಳಗೆ ಗಾಳಿಯೋ ಗಾಳಿ!

"ಅಯ್ಯೋ ನನ್ನ ಕರ್ಮವೇ! ದಾರ ಹಿಡಿದು ಅಳತೆ ತಗೊಂಡು, ಗಂಟು ಹಾಕಿ, ಸೊಂಟಕ್ಕೆ ಸಿಗಿಸ್ಕೊಂಡು ಹೋಗೋದಲ್ವೇನೋ?"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

"ಈಗ ಆ ಕಂಡಿಗೆ ಮನೇಲಿರೋ ದಪ್ಪದ್ದೇನಾದ್ರೂ ಅಡ್ಡ ಇಡು!"

ಸಿದ್ದ ಮನೆಯೆಲ್ಲ ಹುಡುಕಿದ. ತನಗಿಂತ ದಪ್ಪದ್ದು ಏನೂ ಕಾಣಲಿಲ್ಲ. ಕಂಡಿಯೊಳಗೆ ತಾನೇ ಹತ್ತಿ ಕೂತ, ಬೆನ್ನು ಬೀದಿಗೆ, ಮುಖ ಅವ್ವನ ಕಡೆಗೆ. ನಿಂಗಾಜಮ್ಮ ಬಯ್ಯಲು ಎದ್ದು ಬಂದವಳು ಅವನ ಬೆನ್ನು ಮುಟ್ಟಿ ನೋಡಿದಳು. ಒರಳುಕಲ್ಲಿನ ಹಾಗೆ ತಣ್ಣಗಿತ್ತು. ತನ್ನ ಕಂಬಳಿ ತಂದು ಅವನಿಗೆ ಹೊದಿಸಿದಳು.

ಬೆಳಗಾಯಿತು. "ಸಿದ್ದ, ಇಳಿಯಪ್ಪ. ಹೊಂಬಾಳಮ್ಮನ ಮನೇಲಿ ಒಲೆ ಉರೀತಾ ಇದೆ, ಒಂದಿಷ್ಟು ಕೆಂಡ ಇಸ್ಕೊಂಡು ಬಾ."

ಸಿದ್ದನಿಗೆ ನಿನ್ನೆಯ ಬುದ್ಧಿಮಾತು ನೆನಪಿತ್ತು. ಪಕ್ಕದ ಮನೆ ಹೊಂಬಾಳಮ್ಮ ಇಕ್ಕಳ ಹಿಡಿದು ನಿಂತೇ ಇದ್ದಳು. ಇವನು ದಾರ ತೆಗೆದು ಕೆಂಡದ ರಾಶಿ ಅಳೆದ, ಎರಡು ಗಂಟು ಹಾಕಿದ, ಸೊಂಟಕ್ಕೆ ಸಿಗಿಸಿಕೊಂಡು ಬಂದ.

"ತಗೋ ಅವ್ವ, ಇಷ್ಟುದ್ದ ಇದೆ ಬೆಂಕಿ!"

"ಅಯ್ಯೋ ನನ್ನ ಕರ್ಮವೇ! ದಾರ ಕಾಯಿಸ್ಕೊಳ್ಳಲೇನೋ? ಮಂಕರಿಗೆ ಹಾಕಿದ್ರೆ ಮಂಕರಿ ಸುಡುತ್ತೆ, ಮಡಕೇಲಿ ಹಾಕ್ಬೇಕು. ಮೇಲೆ ಬೂದಿ ಮುಚ್ಚಿ, ಆರದ ಹಂಗೆ ದಾರಿ ಉದ್ದಕ್ಕೂ ಊದ್ಕೊಂಡು ಬರ್ಬೇಕು!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ನಾಲ್ಕನೇ ದಿನ ಕಿಟಕಿ ತರಲು ಹೋದ. ಕಿಟಕಿ ಹಿಡಿಸುವ ಮಡಕೆ ಆ ಊರಲ್ಲಿ ಎಲ್ಲಿಂದ ಬರಬೇಕು? ಹೋಗಲಿ ಅಂತ ಮಡಕೆ ಬಿಟ್ಟ, ಬೂದಿ ಬಿಡಲಿಲ್ಲ. ಹೊಚ್ಚಹೊಸ ಹಲಸಿನ ಮರದ ಕಿಟಕಿಗೆ ಒಂದು ಬುಟ್ಟಿ ಬೂದಿ ಸುರಿದು, ದಾರಿ ಉದ್ದಕ್ಕೂ ಉಫ್! ಉಫ್! ಊದುತ್ತ ಬಂದ. ಮನೆ ಮುಟ್ಟುವ ಹೊತ್ತಿಗೆ ಕಿಟಕಿ ಚೊಕ್ಕಟ, ಸಿದ್ದ ಮಾತ್ರ ನಖಶಿಖಾಂತ ಬೂದಿ. ಹಿಂದೆಯೇ ಉಳಿ ಸುತ್ತಿಗೆ ಹಿಡಿದು ಬಂದ ಆಚಾರಿಯೂ ಅರ್ಧ ಬೂದಿ.

"ಅಯ್ಯೋ ನನ್ನ ಕರ್ಮವೇ! ನನ್ನ ಮಾತು ಕೇಳ್ಬೇಡ ಕಣೋ ಮಗನೇ. ಇನ್ಮೇಲೆ ಆಚಾರಿ ಹೇಳ್ದಂಗೆ ಮಾಡು!"

ಆಚಾರಿ ಕಿಟಕಿ ಕೂರಿಸಿ, ಸುತ್ತ ಹಸಿಮಣ್ಣು ಮೆತ್ತಿ, ಸಿದ್ದನನ್ನು ಹತ್ತಿರ ಕರೆದ.

"ನೋಡಪ್ಪ, ನಿಮ್ಮವ್ವ ಉಳೀಬೇಕು ಅಂದ್ರೆ ಗಾಳಿ ತಾಗಬಾರ್ದು. ಅವ್ವನಿಗೂ ಗಾಳಿಗೂ ನಡುವೆ ಯಾವಾಗ್ಲೂ ಈ ಕಿಟಕಿ ಇರ್ಬೇಕು. ತಿಳೀತಾ?"

"ತಿಳೀತು."

ಅಂದು ನಿಂಗಾಜಮ್ಮ ಕೆಮ್ಮದೆ ಮಲಗಿದಳು. ಬೆಳಿಗ್ಗೆ ಎದೆ ಹಗುರವಾಗಿತ್ತು, ಬಿಸಿಲೂ ಬಂದಿತ್ತು. ಮಗನಿಗೆ ಅವರೆಕಾಳಿನ ಸಾರು ಅಂದರೆ ಪ್ರಾಣ. ನಾಕು ಕಾಯಿ ಬಿಡಿಸಿಕೊಂಡು ಬರೋಣ ಅಂತ ಹೊಲಕ್ಕೆ ಹೋದಳು. ಬಗ್ಗಿ ಎರಡು ಹಿಡಿ ಬಿಡಿಸಿದ್ದಳೋ ಇಲ್ಲವೋ, ಸುಯ್ ಅಂತ ಗಾಳಿ ಎದ್ದಿತು. ಸೆರಗು ಹೊದೆಯುವಷ್ಟರಲ್ಲಿ ಗಾಳಿ ನಿಂತೇ ಹೋಯಿತು. ತಲೆ ಎತ್ತಿದರೆ ಎದುರಿಗೆ ಕಿಟಕಿ! ಹಸಿಮಣ್ಣು ಇನ್ನೂ ಉದುರುವ ಚೌಕಟ್ಟು, ಅದರ ಹಿಂದೆ ಏದುಸಿರು ಬಿಡುವ ಸಿದ್ದ.

ಗಾಳಿ ಎಡಕ್ಕೆ ತಿರುಗಿತು, ಸಿದ್ದ ಎಡಕ್ಕೆ ಓಡಿದ. ಬಲಕ್ಕೆ ತಿರುಗಿತು, ಬಲಕ್ಕೆ ಓಡಿದ.

"ಅಯ್ಯೋ ನನ್ನ ಕರ್ಮವೇ! ಮತ್ತೆ ಕಿತ್ತೆಯೇನೋ? ಮನೆ ಗತಿ ಏನೋ?"

"ಮನೆಗೆ ಕೆಮ್ಮಿಲ್ಲವಲ್ಲವ್ವ!"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಿಂಗಾಜಮ್ಮನಿಗೆ ಮಗನ ಮಾತು ಸರಿ ಅನ್ನಿಸಿತು. ಕಣ್ಣು ತುಂಬಿ ಬಂತು, ಹಿಂದೆಯೇ ನಗುವೂ ಬಂತು. ಅವನ ಮುಖ ನೋಡಬೇಕು ಅನ್ನಿಸಿ, ಮುಚ್ಚಿದ ಕಿಟಕಿಯ ಬಾಗಿಲನ್ನು ಟಕಟಕ ಬಡಿದಳು.

"ಯಾರದು?" ಅಂದ ಸಿದ್ದ.

"ನಾನು ಕಣೋ, ನಿಮ್ಮವ್ವ."

ಸಿದ್ದ ಗಾಬರಿಯಿಂದ ಕಿಟಕಿಯ ಬಾಗಿಲು ತೆರೆದ. ನಾಲ್ಕೂ ದಿಕ್ಕಿಗೆ ಬಟಾಬಯಲು, ನಡುವೆ ಇಬ್ಬರೇ.

"ಆಚೆ ಯಾಕವ್ವ ನಿಂತಿದ್ದೀಯ, ಈ ಚಳೀಲಿ? ಒಳಗೆ ಬಾ!"

ನಿಂಗಾಜಮ್ಮ ಮಡಿಲಿನ ಅವರೆಕಾಯಿ ಹಿಡಿದುಕೊಂಡು, ಚೌಕಟ್ಟನ್ನು ಬಳಸಿ ಹೋಗಿ ಮಗನ ಪಕ್ಕ ನಿಂತಳು.