ಕತ್ತು ತಿರುಗಿಸದ ಕುದುರೆ

“ಗುರುಗಳೇ, ಏನು ಕೇಳಿದರೂ ನೀವು ಅರ್ಧ ಹೇಳಿ ಸುಮ್ಮನಾಗುತ್ತೀರಿ. ಉಳಿದರ್ಧವನ್ನೂ ಹೇಳಿಬಿಟ್ಟರೆ ಏನಾಗುತ್ತದೆ?” ಎಂದು ಶಿಷ್ಯನೊಬ್ಬ ಕೇಳಿದ.

ಶಿಷ್ಯನ ಹೆಸರು ಮುಪ್ಪಯ್ಯ. ಏಳು ವರ್ಷ ಮಠದಲ್ಲಿ ಕಲಿತವನು. ಬರುವ ಸೋಮವಾರ ಅವನು ಬೇರೊಂದು ಊರಿನ ಮಠಕ್ಕೆ ಹೋಗಿ ಅಲ್ಲಿಯ ಜನರಿಗೆ ತಾನೇ ಬೋಧಿಸಬೇಕಾಗಿತ್ತು. ಯಾರಾದರೂ ಏನಾದರೂ ಕೇಳಿ, ಉತ್ತರ ತೋಚದೆ ಮಾನ ಹೋದರೇನು ಗತಿ ಎಂಬ ಹೆದರಿಕೆಯಲ್ಲಿ ಮೂರು ದಿನದಿಂದ ಅವನಿಗೆ ಊಟ ಸೇರಿರಲಿಲ್ಲ.

ಗುರುಗಳು ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ವರ್ಷಕ್ಕೊಮ್ಮೆ ತನ್ನ ಕುದುರೆಯ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದ. ಒಳ್ಳೆಯ ಮನುಷ್ಯ, ಅದೇ ತೊಂದರೆ. ಉಪ್ಪು ಅಳೆದಾದ ಮೇಲೆ ಗಿರಾಕಿ ಕೊಸರು ಕೇಳುವುದು, ಆಮೇಲೆ ಅಂಗಡಿಯವನು ಗೊಣಗಿಕೊಂಡು ಒಂದು ಹಿಡಿ ಹಾಕುವುದು ವಾಡಿಕೆ. ಇವನು ಗಿರಾಕಿ ಬಾಯಿ ತೆರೆಯುವ ಮೊದಲೇ ಸುರಿದುಬಿಡುತ್ತಿದ್ದ. ಕೇಳಿಸಿಕೊಂಡು ಕೊಡುವವನು ತಾನಲ್ಲ ಎಂಬುದು ಅವನ ಹೆಮ್ಮೆ.

ಒಂದು ಮಳೆಗಾಲವಿಡೀ ಲಾಯದಲ್ಲೇ ನಿಂತು ಕುದುರೆಯ ಮೈ ಬಿಗಿದುಕೊಂಡಿತು. ಕತ್ತು ಹೊರಳದು, ಹೆಜ್ಜೆ ಚಾಚದು. ಕುದುರೆ ವೈದ್ಯ ಬಂದು ಮುಟ್ಟಿ ನೋಡಿದ.

“ಶೆಟ್ಟರೇ, ಔಷಧ ಬೇಡ. ದಿನಾ ಬೆಳಿಗ್ಗೆ ಸ್ವಲ್ಪ ನಡೆಸಿ ಮೈ ಬೆಚ್ಚಗಾಗಿಸಿ. ಆಮೇಲೆ ಬೆಲ್ಲದ ಚೂರನ್ನು ಅದರ ಪಕ್ಕೆಯ ಹತ್ತಿರ ಹಿಡಿಯಿರಿ. ಅದು ಕಾಲು ಕದಲಿಸದೆ ಕತ್ತು ತಿರುಗಿಸಬೇಕು. ಹತ್ತು ಎಣಿಸಿ ಕೊಡಿ. ಇನ್ನೊಂದು ಪಕ್ಕೆಗೂ ಹಾಗೆಯೇ. ಮುಂಗಾಲುಗಳ ನಡುವೆ ಹಿಡಿದರೆ ತಲೆ ತಗ್ಗಿಸುತ್ತದೆ. ಕೊನೆಗೆ ಒಂದೊಂದೇ ಕಾಲೆತ್ತಿ ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಮೂರು ತಿಂಗಳು ಮಾಡಿದರೆ ಘಟ್ಟ ಹತ್ತುತ್ತದೆ. ಬಿಟ್ಟರೆ, ಮುಂದಿನ ಮಳೆಗಾಲದಲ್ಲಿ ಮಲಗಿದ್ದು ಮತ್ತೆ ಏಳುವುದಿಲ್ಲ” ಎಂದ.

ಕುದುರೆಯೆಂದರೆ ವ್ಯಾಪಾರಿಗೆ ಪ್ರಾಣ.

ಮರುದಿನ ಬೆಳಿಗ್ಗೆ ಪಕ್ಕೆಯ ಹತ್ತಿರ ಬೆಲ್ಲ ಹಿಡಿದ. ಕುದುರೆ ಕಣ್ಣನ್ನಷ್ಟೇ ಹೊರಳಿಸಿ ನೋಡಿತು, ಕತ್ತು ಹೊರಳಿಸಲಿಲ್ಲ. ವ್ಯಾಪಾರಿ ಮೂರರವರೆಗೆ ಎಣಿಸಿದ. ಕರುಳು ಕರಗಿತು. ಓಡಿಹೋಗಿ ಬೆಲ್ಲವನ್ನು ಬಾಯಿಗೇ ಇಟ್ಟ. ಕುದುರೆಗೆ ಅವತ್ತೇ ಎಲ್ಲ ಅರ್ಥವಾಯಿತು.

ಅಂದಿನಿಂದ ವ್ಯಾಪಾರಿ ಬೆಲ್ಲವನ್ನು ಪಕ್ಕೆಗೆ ತೋರಿಸಿ ಬಾಯಿಗೆ ಓಡುವನು. ಹೊಟ್ಟೆಯಡಿ ನುಸುಳಿ ಇನ್ನೊಂದು ಪಕ್ಕೆಗೆ ತೋರಿಸಿ ಮತ್ತೆ ಬಾಯಿಗೆ ಓಡುವನು. ಮುಂಗಾಲುಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಎದ್ದು, ಮತ್ತೆ ಬಾಯಿಗೆ. ಕಾಲು ಎತ್ತಲು ಹೋದಾಗ ಕುದುರೆ ನಿಟ್ಟುಸಿರು ಬಿಟ್ಟಿತು. ಪಾಪ, ನೋಯುತ್ತದೆಂದು ಅವನು ತನ್ನ ಕಾಲನ್ನೇ ಎತ್ತಿ ಚಾಚಿ, ಹೀಗೆ ಮಾಡಪ್ಪಾ ಎಂದು ತೋರಿಸಿದ. ಕುದುರೆ ಬೆಲ್ಲ ಅಗಿಯುತ್ತ ನೋಡಿತು. ಮೂರು ತಿಂಗಳು ಒಂದು ದಿನವೂ ತಪ್ಪಲಿಲ್ಲ.

ಉಪ್ಪು ಹೇರಿ ಹೊರಟರು. ಘಟ್ಟದ ಮೂರನೆಯ ತಿರುವಿನಲ್ಲಿ ಕುದುರೆ ನಿಂತುಬಿಟ್ಟಿತು. ವ್ಯಾಪಾರಿ ಅತ್ತುಕೊಂಡೇ ಒಂದು ಮೂಟೆ ಇಳಿಸಿ ತನ್ನ ಬೆನ್ನಿಗೇರಿಸಿದ. ಐದನೆಯ ತಿರುವಿನಲ್ಲಿ ಎರಡನೆಯದನ್ನೂ ಏರಿಸಿದ. ತನಗೆ ಸುಸ್ತೇ ಆಗುತ್ತಿಲ್ಲವಲ್ಲ ಎಂದು ಅವನಿಗೇ ಸೋಜಿಗ. ಹಿಂದಿನಿಂದ ಕುದುರೆ ಬರಿಮೈಯಲ್ಲಿ ಕುಂಟುತ್ತ ಬಂದಿತು.

ಘಟ್ಟದ ನೆತ್ತಿಯ ಅರವಟ್ಟಿಗೆಯಲ್ಲಿ ಅದೇ ವೈದ್ಯ ಮಜ್ಜಿಗೆ ಕುಡಿಯುತ್ತ ಕೂತಿದ್ದ. ಎದ್ದು ಬಂದು, ಮೊದಲು ವ್ಯಾಪಾರಿಯ ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿದ. ಬೆನ್ನು ಒತ್ತಿದ. ಒಂದು ಕಾಲು ಎತ್ತಿಸಿ ನೋಡಿದ.

“ಚಿಕಿತ್ಸೆ ಚೆನ್ನಾಗಿ ಹಿಡಿದಿದೆ ಶೆಟ್ಟರೇ,” ಎಂದ. “ಕುದುರೆಗೆ ಯಾವಾಗ ಶುರು ಮಾಡುತ್ತೀರಿ?”

“ಅದರ ಮುಖ ನೋಡಿದರೆ ಹತ್ತು ಎಣಿಸಲು ಮನಸ್ಸು ಬರುವುದಿಲ್ಲ ವೈದ್ಯರೇ” ಎಂದು ವ್ಯಾಪಾರಿ ತಲೆ ತಗ್ಗಿಸಿದ.

ಗುರುಗಳು ಇಷ್ಟು ಹೇಳಿ ಸುಮ್ಮನಾದರು.

ಮುಪ್ಪಯ್ಯ ಕಾದ. ಅವನಿಗೆ ತಾಳ್ಮೆ ಉಳಿಯಲಿಲ್ಲ. “ಆಮೇಲೆ ಕುದುರೆಯ ಗತಿ ಏನಾಯಿತು? ಈ ಕತೆಯ ತಾತ್ಪರ್ಯವೇನು? ಇದನ್ನಾದರೂ ಪೂರ್ತಿ ಬಿಡಿಸಿ ಹೇಳಿ ಗುರುಗಳೇ” ಎಂದ.

ಗುರುಗಳು ಹೇಳಿದರು: “ನನ್ನ ಕತ್ತು ಚೆನ್ನಾಗಿಯೇ ತಿರುಗುತ್ತದೆ ಮುಪ್ಪಯ್ಯ, ಸೋಮವಾರ ಘಟ್ಟ ಹತ್ತಬೇಕಾದವನು ನೀನು.”