ಸೆಂಟ್ ಮಷೀನು ಮತ್ತು ಹೆಗ್ಗಣ

ಹೋಟೆಲಿನ ಲಾಬಿಯಲ್ಲಿ, ಸೋಫಾದ ಅಡಿ ಸಂಸಾರ ಹೂಡಿದ್ದ ಹೆಗ್ಗಣವನ್ನು ಗೋಡೆಯ ಮೇಲಿನ ಸೆಂಟ್ ಮಷೀನು ಗದರಿಸಿತು: “ಮಾನಗೆಟ್ಟವನೇ, ಜಾಗ ಖಾಲಿ ಮಾಡು. ನಿನ್ನ ನಾತ ಮುಚ್ಚಲು ಹತ್ತು ನಿಮಿಷಕ್ಕೊಮ್ಮೆ ಮಲ್ಲಿಗೆ ಉಗುಳಿ ಉಗುಳಿ ನನಗೆ ಸಾಕಾಗಿದೆ.”

“ನಾನು ಹೋದರೆ ನಿನ್ನನ್ನು ಇಲ್ಲಿ ಯಾರು ಇಟ್ಟುಕೊಳ್ಳುತ್ತಾರೆ, ಸ್ವಾಮಿ?” ಎಂದಿತು ಹೆಗ್ಗಣ.

ಅಷ್ಟರಲ್ಲಿ ಮ್ಯಾನೇಜರ್ ಮೂಗು ಮುಚ್ಚಿಕೊಂಡು ಬಂದರು. “ಸೋಫಾ ಸರಿಸಿ ನೋಡ್ಲಾ, ಸಾರ್?” ಎಂದಳು ಕಸ ಗುಡಿಸುವ ಸಾಕಮ್ಮ.

“ಈಗ ಮದುವೆ ದಿಬ್ಬಣ ಬರೋ ಹೊತ್ತು, ಅದೆಲ್ಲ ಬೇಡ. ಇನ್ನೆರಡು ಮಷೀನು ಹಾಕಿಸ್ತೀನಿ” ಎಂದು ಅವರು ಹೊರಟರು.

ಮಷೀನು ದನಿ ತಗ್ಗಿಸಿ ಹೇಳಿತು: “ಹೆಗ್ಗಣರಾಯರೇ, ನನ್ನ ತಮ್ಮಂದಿರಿಬ್ಬರು ಬರುತ್ತಿದ್ದಾರೆ. ನಿಮ್ಮ ಕಡೆಯವರು ಯಾರಾದರೂ ಇದ್ದರೆ ಕರೆಸಿಕೊಳ್ಳಿ.”